ಕರಾವಳಿಯಲ್ಲಿ ಲಿಡಾರ್ ಸರ್ವೆ: ಯಾವ ಲೇಸರ್, ಯಾವ ಎತ್ತರ, ಯಾವ ತಿಂಗಳು?

ಲಿಡಾರ್ ಅಂದರೆ ಮೇಲಿನಿಂದ ಲೇಸರ್ ಬೆಳಕು ಬಿಟ್ಟು, ಅದು ವಾಪಸ್ ಬರುವುದನ್ನು ನೋಡಿ ನೆಲದ ಎತ್ತರ ಅಳೆಯುವ ಸಾಧನ. ಜಾಗದ ಲಿಡಾರ್ ಸರ್ವೆಗೆಂದು ಎರಡು ಮೂರು ಕಡೆ ಕೊಟೇಶನ್ ಕೇಳಿ ನೋಡಿ. ಬರುವ ಕಾಗದದಲ್ಲಿ ಎರಡು ಅಂಕಿ ದಪ್ಪ ಅಕ್ಷರದಲ್ಲಿ ಇರುತ್ತವೆ: ಸೆಕೆಂಡಿಗೆ ಎಷ್ಟು ಲಕ್ಷ ಪಾಯಿಂಟ್ (ಅಳೆದ ಬಿಂದು), ಎಷ್ಟು ಮೀಟರ್ ರೇಂಜ್ (ಅಳೆಯಬಲ್ಲ ದೂರ). ಎರಡೂ ಸುಳ್ಳಲ್ಲ. ಆದರೆ ಆ ದೊಡ್ಡ ರೇಂಜ್ ಸಿಗುವುದು ಒಣಗಿದ, ಬೆಳ್ಳಗಿನ ಮೇಲ್ಮೈ ಮೇಲೆ, ಬಿಸಿಲಿಲ್ಲದಾಗ. ನಮ್ಮ ಮಂಗಳೂರು, ಉಡುಪಿಯ ನೆಲ ಹಾಗಿಲ್ಲ ಅಲ್ವಾ? ಅರ್ಧ ವರ್ಷ ಒದ್ದೆ, ಎಲ್ಲ ಕಡೆ ಹಸಿರು, ಹಸಿರಿಲ್ಲದ ಕಡೆ ಕೆಂಪು.

ಒಂದು ಉದಾಹರಣೆ ಕೊಡುತ್ತೇನೆ. ಡಿಜೆಐ ಕಂಪನಿಯ ಝೆನ್‌ಮ್ಯೂಸ್ ಎಲ್1 ಎಂಬ ಡ್ರೋನ್ ಲಿಡಾರ್ ಇದೆ. ಬೆಳಕಿನ ಶೇ 80ರಷ್ಟನ್ನು ವಾಪಸ್ ಎಸೆಯುವ ಮೇಲ್ಮೈ, ಪೂರ್ತಿ ಕತ್ತಲೆ ಎರಡೂ ಇದ್ದರೆ ಅದರ ರೇಂಜ್ 450 ಮೀಟರ್. ಶೇ 10 ಮಾತ್ರ ವಾಪಸ್ ಎಸೆಯುವ ಮೇಲ್ಮೈ, ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಬಿಸಿಲು ಇದ್ದರೆ 190 ಮೀಟರ್. ಸಾಧನ ಅದೇ, ಅಂಕಿ ಅರ್ಧಕ್ಕಿಂತ ಕಡಿಮೆ. ಕಂಪನಿಯವರು ಎರಡನ್ನೂ ಪ್ರಾಮಾಣಿಕವಾಗಿ ಬರೆದಿದ್ದಾರೆ. ನಾವು ಮೊದಲನೆಯದನ್ನು ಮಾತ್ರ ಓದುತ್ತೇವೆ. ಕೊಟೇಶನ್ ಹೋಲಿಸುವಾಗ ಯಾವಾಗಲೂ ಎರಡನೆಯ ಸಾಲನ್ನೇ ಹೋಲಿಸಿ. ಹಸಿ ಮಣ್ಣು, ಡಾಮರು, ಪಾಚಿ ಹಿಡಿದ ಹಂಚು ಎಲ್ಲ ಆ ಸಾಲಿನ ಹತ್ತಿರವೇ ಬರುವುದು.

ರಿಟರ್ನ್, ಅಂದರೆ ವಾಪಸ್ ಬರುವ ಬೆಳಕು, ದುರ್ಬಲವಾದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೇಸರ್ ಪಲ್ಸ್ ಕೆಳಗೆ ಹೋಗಿ ವಾಪಸ್ ಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತಾರೆ. 100 ಮೀಟರ್ ಎತ್ತರದಿಂದ ಹೋಗಿ ಬರಲು ಸುಮಾರು 667 ನ್ಯಾನೋಸೆಕೆಂಡ್ ಬೇಕು. ಒಂದು ನ್ಯಾನೋಸೆಕೆಂಡ್ ಆಚೀಚೆ ಆದರೆ 15 ಸೆಂಟಿಮೀಟರ್ ಆಚೀಚೆ. ಬೆಳಕು ತೀರಾ ಕಡಿಮೆ ಬಂದರೆ ಪಾಯಿಂಟೇ ಸಿಗುವುದಿಲ್ಲ, ನಕ್ಷೆಯಲ್ಲಿ ತೂತು ಬೀಳುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೊಂದಿದೆ. ಬೆಳಕು ಅಂತೂ ಇಂತೂ ಬರುತ್ತದೆ, ಪಾಯಿಂಟೂ ಸಿಗುತ್ತದೆ, ಆದರೆ ಸೆನ್ಸರ್ ಗುರುತಿಸುವ ಮಟ್ಟಕ್ಕೆ ಆ ಪಲ್ಸ್ ಏರುವುದು ಒಂದಿಷ್ಟು ತಡ. ಆಗ ಕಪ್ಪು ಡಾಮರು ಪಕ್ಕದ ಬಿಳಿ ಪಟ್ಟಿಗಿಂತ ತಗ್ಗಿನಲ್ಲಿ ಇದ್ದಂತೆ ಬರುತ್ತದೆ. ಒಳ್ಳೆಯ ಸಾಧನ ಪಲ್ಸ್‌ನ ಬಲ ನೋಡಿ ಇದನ್ನು ಸರಿಮಾಡಿ ಕೊಡುತ್ತದೆ. ಎಲ್ಲವೂ ಅಷ್ಟೇ ಚೆನ್ನಾಗಿ ಮಾಡುವುದಿಲ್ಲ.

ಕ್ಯಾಮೆರಾ ಸಾಕಾ, ಲಿಡಾರ್ ಬೇಕಾ?

ಇದನ್ನು ಬೇಗ ಮುಗಿಸೋಣ. ಬೋಳು ಪದವು (ಗುಡ್ಡೆಯ ಮೇಲಿನ ಬಯಲು), ಕೆಂಪುಕಲ್ಲಿನ ಕೋರೆ, ಮಟ್ಟ ಮಾಡಿದ ಲೇಔಟ್, ಕೊಯ್ಲಾದ ಗದ್ದೆ ಇಂಥ ಕಡೆ ಕ್ಯಾಮೆರಾ ಡ್ರೋನ್ ಸಾಕು. ಫೋಟೋಗಳನ್ನು ಜೋಡಿಸಿ ಮಾಡುವ ಎತ್ತರದ ನಕ್ಷೆ ಅಲ್ಲಿ ಚೆನ್ನಾಗಿಯೇ ಬರುತ್ತದೆ, ಖರ್ಚೂ ಕಡಿಮೆ. ಸುಮ್ನೆ ಲಿಡಾರ್ ಎಂಬ ಹೆಸರಿಗೆ ದುಡ್ಡು ಕೊಡಬೇಡಿ. ನೆಲ ಮರಗಳ ಕೆಳಗೆ ಇದ್ದರೆ, ವಿದ್ಯುತ್ ತಂತಿ ಅಳೆಯುವುದಿದ್ದರೆ, ಗುಡ್ಡೆ ಜರಿದ ಜಾಗ ಪೊದೆಯೊಳಗೆ ಇದ್ದರೆ ಆಗ ಲಿಡಾರ್ ಬೇಕು.

ತಂತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ನೆಲದಂಥ ಅಗಲವಾದ ಮೇಲ್ಮೈಯಿಂದ ಬರುವ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 60 ಮೀಟರ್ ಇದ್ದದ್ದು 120 ಆದರೆ ಸಿಗುವುದು ಕಾಲು ಭಾಗ. ತಂತಿ ಕಿರಣಕ್ಕಿಂತ ಸಪೂರ, ಬಹುಪಾಲು ಬೆಳಕು ಅದರ ಪಕ್ಕದಿಂದ ಜಾರಿ ಹೋಗುತ್ತದೆ. ಹಾಗಾಗಿ ಅಲ್ಲಿ ಇಳಿಕೆ ದೂರದ ಘನಕ್ಕೆ ತಕ್ಕಂತೆ: ಎತ್ತರ ಎರಡು ಪಟ್ಟಾದರೆ ಎಂಟರಲ್ಲಿ ಒಂದು ಭಾಗ. ಲೈನ್ ಸರ್ವೆಗೆ ಕೆಳಗೆ ಹಾರುವವರನ್ನೇ ಆರಿಸಿ.

905 ಅಥವಾ 1550?

ಡ್ರೋನ್ ಲಿಡಾರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. 905 ನ್ಯಾನೋಮೀಟರ್ ತರಂಗಾಂತರದ ಲೇಸರ್ ಇರುವಂಥದ್ದು, 1550 ಇರುವಂಥದ್ದು. ಎರಡೂ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು. 905ಕ್ಕೆ ಸಾಧಾರಣ ಸಿಲಿಕಾನ್ ಡಿಟೆಕ್ಟರ್ ನಡೆಯುತ್ತದೆ, ಹಾಗಾಗಿ ಅಗ್ಗ, ಹಗುರ. ಸಿಲಿಕಾನ್‌ಗೆ 1100 ನ್ಯಾನೋಮೀಟರ್‌ನ ಆಚೆ ಕಾಣುವುದಿಲ್ಲ. 1550ಕ್ಕೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಿಟೆಕ್ಟರ್ ಹಾಕಬೇಕು, ಬೆಲೆ ಏರುತ್ತದೆ.

ಹಾಗಾದರೆ 1550 ಯಾಕೆ? ಕಣ್ಣಿನ ಕಾರಣಕ್ಕೆ. 905 ಬೆಳಕು ಕಣ್ಣಿನೊಳಗೆ ಹೋಗಿ ರೆಟಿನಾದ ಮೇಲೆ ಒಂದೇ ಬಿಂದುವಿಗೆ ಕೂಡುತ್ತದೆ. ಅದಕ್ಕೇ ಅದರ ಶಕ್ತಿಗೆ ಬಿಗಿ ಮಿತಿ ಇದೆ. 1550 ಬೆಳಕನ್ನು ಕಣ್ಣಿನ ಮುಂಭಾಗದ ನೀರೇ ಹೀರಿಕೊಳ್ಳುತ್ತದೆ, ರೆಟಿನಾವರೆಗೆ ಹೋಗುವುದಿಲ್ಲ. ಹಾಗಾಗಿ ಒಂದೊಂದು ಪಲ್ಸ್‌ಗೂ ಎಷ್ಟೋ ಜಾಸ್ತಿ ಶಕ್ತಿ ಕೊಡಬಹುದು. ಬಿಸಿಲಿನ ಗಲಾಟೆಯೂ 1550ರಲ್ಲಿ ಕಡಿಮೆ, ಯಾಕೆಂದರೆ ಸೂರ್ಯನ ಬೆಳಕಿನಲ್ಲಿ ಆ ಭಾಗವೇ ಕಮ್ಮಿ.

ಇಷ್ಟು ಕೇಳಿದರೆ 1550 ಗೆದ್ದ ಹಾಗೆ. ಬೇರೆ ಊರಿನಲ್ಲಿ ಬಹುಶಃ ಹೌದು. ಆದರೆ ಕಣ್ಣನ್ನು ಕಾಪಾಡುವ ಅದೇ ಗುಣ ಕರಾವಳಿಯಲ್ಲಿ ತಿರುಗಿ ಬೀಳುತ್ತದೆ. ನೀರು 1550 ಬೆಳಕನ್ನು 905ಕ್ಕಿಂತ ನೂರು ಪಟ್ಟಿಗೂ ಜಾಸ್ತಿ ಹೀರುತ್ತದೆ. ಹಸಿ ಎಲೆಯ ಒಳಗೆ ನೀರು, ಒದ್ದೆ ಹಂಚಿನ ಮೇಲೆ ನೀರು, ಕಂಬಳ ಗದ್ದೆಯ ಕೆಸರಿನಲ್ಲಿ ನೀರು. ಒದ್ದೆಯಾದರೆ ಮಣ್ಣು ಯಾವ ಬೆಳಕಿಗೂ ಕಪ್ಪಾಗಿಯೇ ಕಾಣುತ್ತದೆ, 1550ಕ್ಕೆ ಇನ್ನೂ ಕಪ್ಪು.

ಇನ್ನು ಮುರಕಲ್ಲು, ಅಂದರೆ ಕೆಂಪುಕಲ್ಲು. ಇದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಅದು 850ರಿಂದ 900 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ. 905 ಸರಿಯಾಗಿ ಆ ಹೀರುವ ಪಟ್ಟಿಯ ಅಂಚಿನಲ್ಲೇ ಬಂದು ಕೂತಿದೆ. ಒಣಗಿದ ಮುರಕಲ್ಲಿನ ಪದವಿನ ಮೇಲೆ 1550ಕ್ಕೆ ಒಳ್ಳೆಯ ರಿಟರ್ನ್ ಸಿಗುತ್ತದೆ, 905ಕ್ಕೆ ಸ್ವಲ್ಪ ಮಂಕು. ಮಳೆ ಬಿದ್ದ ಮಾರನೇ ದಿನ ಲೆಕ್ಕ ಉಲ್ಟಾ ಆಗಬಹುದು.

ನನ್ನ ಆಯ್ಕೆ ಹೀಗೆ. ಮಾರ್ಚ್, ಏಪ್ರಿಲ್‌ನ ಒಣ ನೆಲ, ದೊಡ್ಡ ಜಾಗ, 100 ಮೀಟರ್ ಆಸುಪಾಸಿನ ಎತ್ತರ ಅಂದರೆ 1550. ಅಕ್ಟೋಬರ್, ನವೆಂಬರ್‌ನ ಹಸಿ ನೆಲ, ಚಿಕ್ಕ ಜಾಗ, 50–60 ಮೀಟರಿಗೆ ಇಳಿದು ಹಾರಬಹುದು ಅಂದರೆ 905 ಸಾಕು, ದುಡ್ಡೂ ಉಳಿಯುತ್ತದೆ. ಎತ್ತರ ಇಳಿಸಿದರೆ ಸಿಗುವ ಲಾಭ ಎಷ್ಟೋ ಸಲ ಸಾಧನ ಬದಲಾಯಿಸಿದ ಲಾಭಕ್ಕಿಂತ ದೊಡ್ಡದು. ಇದನ್ನು ಯಾರೂ ಬ್ರೋಷರಿನಲ್ಲಿ ಬರೆಯುವುದಿಲ್ಲ, ಯಾಕೆಂದರೆ ಕೆಳಗೆ ಹಾರಿದರೆ ಹಾರಾಟದ ಸಾಲುಗಳು ಜಾಸ್ತಿ, ದಿನವೂ ಜಾಸ್ತಿ.

ತೋಟದ ಕೆಳಗಿನ ನೆಲ

ನಮ್ಮ ಕಡೆಯ ನಿಜವಾದ ಪರೀಕ್ಷೆ ಅಡಿಕೆ ತೋಟ. 9 ಅಡಿಗೊಂದು ಮರ, ಮೇಲೆ ಸೋಗೆಗಳು ಒಂದಕ್ಕೊಂದು ತಾಗಿಕೊಂಡು, ಮರಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಕೊಕ್ಕೋ. ಲೇಸರ್ ಎಲೆಯನ್ನು ತೂರಿಕೊಂಡು ಹೋಗುತ್ತದೆ ಎಂದು ಮಾರುವವರು ಹೇಳುವುದುಂಟು. ಹಾಗೇನೂ ಇಲ್ಲ. ಎಲೆಗಳ ನಡುವೆ ಸಂದು ಇದ್ದರೆ ಹೋಗುತ್ತದೆ, ಅದೇ ಸಂದಿನಲ್ಲಿ ವಾಪಸ್ ಬರಬೇಕು. ಸಂದು ಇಲ್ಲದಿದ್ದರೆ ಯಾವ ತರಂಗಾಂತರವೂ ನಿಮ್ಮ ಕೈ ಹಿಡಿಯುವುದಿಲ್ಲ.

ಸಂದು ಇದೆಯೋ ಇಲ್ಲವೋ ಎಂದು ಖರ್ಚಿಲ್ಲದೆ ನೋಡುವ ಉಪಾಯ ಒಂದಿದೆ. ಏಪ್ರಿಲ್ ಕೊನೆಯ ವಾರ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿಗೆ ತೋಟದೊಳಗೆ ನಿಂತು ನೆಲ ನೋಡಿ. ಬಿಸಿಲಿನ ಚುಕ್ಕೆ ಎಷ್ಟು ಬಿದ್ದಿದೆಯೋ, ನೇರ ಮೇಲಿನಿಂದ ಬರುವ ಲೇಸರ್‌ಗೂ ಹೆಚ್ಚು ಕಡಿಮೆ ಅಷ್ಟೇ ದಾರಿ. ಚುಕ್ಕೆಯೇ ಇಲ್ಲದ ಮೂಲೆ ಇದ್ದರೆ ಅಲ್ಲಿ ಲಿಡಾರ್ ಕೊಡುವ ನೆಲ ಬರೀ ಅಂದಾಜು. ಅಲ್ಲಿಗೆ ಟೋಟಲ್ ಸ್ಟೇಷನ್ (ನೆಲದ ಮೇಲೆ ನಿಲ್ಲಿಸಿ ಕೋನ, ದೂರ ಅಳೆಯುವ ಸರ್ವೆ ಸಾಧನ) ಹಿಡಿದು ನಡೆಯುವುದೇ ಸರಿ.

ಸಾಧನಗಳನ್ನು ಹೋಲಿಸುವಾಗ ತೋಟಕ್ಕೆ ಮುಖ್ಯವಾದ ವಿಷಯ ಬೇರೆ. ಒಂದು ಪಲ್ಸ್‌ನಿಂದ ಎಷ್ಟು ರಿಟರ್ನ್ ಹಿಡಿಯುತ್ತದೆ? ಎಲ್1 ಮೂರು ಹಿಡಿಯುತ್ತದೆ, ಅದರ ನಂತರ ಬಂದ ಎಲ್2 ಐದು. ದುಬಾರಿ ಸಾಧನಗಳು ವಾಪಸ್ ಬಂದ ಅಲೆಯ ಪೂರ್ತಿ ಆಕಾರವನ್ನೇ ದಾಖಲಿಸುತ್ತವೆ. ಸೋಗೆ, ಬಳ್ಳಿ, ಬಾಳೆ ಎಲೆ ಮೂರಕ್ಕೇ ಮೂರು ರಿಟರ್ನ್ ಖರ್ಚಾದರೆ ನೆಲದ ಪಾಲಿಗೆ ಉಳಿಯುವುದೇನು?

ಇನ್ನೊಂದು ಪಲ್ಸ್‌ನ ಉದ್ದ. 4 ನ್ಯಾನೋಸೆಕೆಂಡಿನ ಪಲ್ಸ್ ಆದರೆ ಸುಮಾರು 60 ಸೆಂಟಿಮೀಟರ್‌ಗಿಂತ ಹತ್ತಿರ ಇರುವ ಎರಡು ವಸ್ತುಗಳ ರಿಟರ್ನ್ ಒಂದಕ್ಕೊಂದು ಬೆರೆತು ಹೋಗುತ್ತದೆ. ಮೊಣಕಾಲೆತ್ತರದ ಕಳೆ ಇದ್ದ ಕಡೆ ನೆಲ ಮೇಲೆ ಬಂದ ಹಾಗೆ ಕಾಣುವುದು ಇದರಿಂದಲೇ. ತೋಟದ ಕಣಿಗಳು ನಕ್ಷೆಯಲ್ಲಿ ಮುಚ್ಚಿ ಹೋಗುತ್ತವೆ. ನೀರು ಹರಿಯುವ ದಾರಿ ನೋಡಲೆಂದೇ ಸರ್ವೆ ಮಾಡಿಸಿದವರಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ. ಸರ್ವೆಗೆ ಮೊದಲು ಕಳೆ ಸವರಿಸಿ. ನಾನು ಕಂಡ ಮಟ್ಟಿಗೆ ಕೊಟ್ಟ ಕೂಲಿಗೆ ಇಷ್ಟು ಫಲ ಕೊಡುವ ಕೆಲಸ ಬೇರೆ ಇಲ್ಲ.

ಮೂರನೆಯದು ಸ್ಕ್ಯಾನ್ ಕೋನ, ಅಂದರೆ ಲೇಸರ್ ನೇರ ಕೆಳಗೆ ಬಿಟ್ಟು ಬದಿಗೆ ಎಷ್ಟು ಓರೆಯಾಗಿ ಹೋಗುತ್ತದೆ ಎಂಬುದು. ಅಡಿಕೆ ತೋಟದ ಸಂದು ನೇರ ಮೇಲಕ್ಕೆ ತೆರೆದಿರುತ್ತದೆ, ಓರೆಯಾಗಿ ನೋಡಿದರೆ ಸಾಲಿನ ಮೇಲೆ ಸಾಲು ಅಡ್ಡ ಬರುತ್ತದೆ. ಎರಡೂ ಬದಿಗೆ 20 ಡಿಗ್ರಿ ದಾಟದಂತೆ ಸ್ಕ್ಯಾನ್ ಮಾಡಿ, ಹಾರಾಟದ ಸಾಲುಗಳು ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ ಹಾರಿಸಲು ಹೇಳಿ. ಆಮೇಲೆ ಅಡ್ಡಡ್ಡ ಇನ್ನೊಂದು ಸುತ್ತು. ಅಗಲ ಸ್ಕ್ಯಾನ್ ಮಾಡಿದರೆ ಬೇಗ ಮುಗಿಯುತ್ತದೆ, ಪಾಯಿಂಟಿನ ಲೆಕ್ಕವೂ ಚೆನ್ನಾಗಿ ಕಾಣುತ್ತದೆ. ಆದರೆ ಅವೆಲ್ಲ ಎಲೆಯ ಪಾಯಿಂಟುಗಳು.

ರಬ್ಬರ್ ತೋಟದವರಿಗೆ ಇಷ್ಟು ತಲೆನೋವಿಲ್ಲ. ಚಳಿಗಾಲದ ಕೊನೆಗೆ ರಬ್ಬರ್ ಎಲೆ ಉದುರಿಸುತ್ತದೆ. ಹೊಸ ಚಿಗುರು ಬರುವ ಮೊದಲು ಹಾರಿಸಿದರೆ ಅಗ್ಗದ ಸಾಧನವೂ ನೆಲ ಕಾಣುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮಾತ್ರ ಎಲ್ಲಕ್ಕಿಂತ ಕಷ್ಟ. ಮೇಲೆ ದಟ್ಟ ಎಲೆ, ಕೆಳಗೆ ನೀರು ಇಲ್ಲವೇ ಕೆಸರು. ಅಲ್ಲಿ ಇಳಿತದ ಹೊತ್ತು ನೋಡಿಯೇ ಹೋಗಬೇಕು.

ಡ್ರೋನೋ, ವಿಮಾನವೋ?

ಒಂದು ಗುಡ್ಡೆ, ಒಂದು ತೋಟ, ಒಂದು ಕಿಂಡಿ ಅಣೆಕಟ್ಟಿನ ಸುತ್ತ ಎಂದಾದರೆ ಡ್ರೋನ್. ಇಡೀ ನದಿ ಕಣಿವೆ, ಘಟ್ಟದ ಬುಡದಿಂದ ಸಮುದ್ರದವರೆಗೆ ಎಂದಾದರೆ ವಿಮಾನ ಅಥವಾ ಹೆಲಿಕಾಪ್ಟರ್. ವಿಮಾನದಲ್ಲಿ ಹೆಚ್ಚಾಗಿ 1064 ನ್ಯಾನೋಮೀಟರ್ ಲೇಸರ್ ಇರುತ್ತದೆ. ದೊಡ್ಡ ಪಲ್ಸ್, ದೊಡ್ಡ ಲೆನ್ಸ್. 1000 ಮೀಟರ್ ಎತ್ತರದ ನಷ್ಟವನ್ನು ಅದು ಹೀಗೆ ತುಂಬಿಕೊಳ್ಳುತ್ತದೆ.

ತುಂಬಿಕೊಳ್ಳಲು ಆಗದ್ದೂ ಇದೆ. 0.5 ಮಿಲಿರೇಡಿಯನ್ ಹರಡುವ ಕಿರಣ 100 ಮೀಟರಿನಿಂದ ನೆಲದ ಮೇಲೆ 5 ಸೆಂಟಿಮೀಟರ್ ಚುಕ್ಕೆ. 1000 ಮೀಟರಿನಿಂದ ಅದೇ 50 ಸೆಂಟಿಮೀಟರ್. ಅಡಿಕೆ ಸಂದಿಗೆ 5 ಸೆಂಟಿಮೀಟರ್ ಚುಕ್ಕೆ ಪೂರ್ತಿಯಾಗಿ ಇಳಿಯುತ್ತದೆ, 50ರದ್ದು ಒಂದು ಚೂರು ಮಾತ್ರ. ವಿಮಾನ ಅಲುಗಿದ ಕೋನವನ್ನು ಅಳೆಯುವ ಐಎಂಯು 0.02 ಡಿಗ್ರಿ ತಪ್ಪಿದರೆ 100 ಮೀಟರಿನಲ್ಲಿ ಮೂರೂವರೆ ಸೆಂಟಿಮೀಟರ್ ಜರುಗುತ್ತದೆ, 1000 ಮೀಟರಿನಲ್ಲಿ 35. ಹಾಗಾಗಿ ವಿಮಾನಕ್ಕೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಒಳ್ಳೆಯ ಐಎಂಯುಗೆ ಹೋಗುತ್ತದೆ, ಹೋಗಬೇಕು ಕೂಡ.

ಸೆಕೆಂಡಿಗೆ ಜಾಸ್ತಿ ಪಲ್ಸ್ ಎಂಬ ಆಸೆಗೂ ಬೆಲೆ ಇದೆ. ಲೇಸರಿನ ಒಟ್ಟು ಶಕ್ತಿ ಅಷ್ಟೇ. ಪಲ್ಸ್ ಹೆಚ್ಚಿಸಿದರೆ ಒಂದೊಂದರ ಪಾಲು ಕಡಿಮೆಯಾಗುತ್ತದೆ. ಜೊತೆಗೆ, ಸೆಕೆಂಡಿಗೆ 5 ಲಕ್ಷ ಪಲ್ಸ್ ಬಿಟ್ಟರೆ 300 ಮೀಟರಿನ ಆಚೆಯಿಂದ ಬರುವ ರಿಟರ್ನ್ ತಲುಪುವ ಮೊದಲೇ ಮುಂದಿನ ಪಲ್ಸ್ ಹೊರಟಿರುತ್ತದೆ. ಯಾವುದು ಯಾವ ಪಲ್ಸ್‌ನದ್ದು ಎಂದು ಬಿಡಿಸಲು ಬೇರೆ ತಂತ್ರ ಬೇಕು. ಉಡುಪಿಯ ಬಯಲಿನಲ್ಲಿ ಇದು ದೊಡ್ಡ ವಿಷಯವಲ್ಲ. ಚಾರ್ಮಾಡಿ, ಶಿರಾಡಿಯಂಥ ಕಡೆ ಒಂದೇ ಸಾಲಿನಲ್ಲಿ ನೆಲ ನೂರಾರು ಮೀಟರ್ ಏರಿ ಇಳಿಯುತ್ತದೆ. ಅಲ್ಲಿ ಕೇಳಲೇಬೇಕು.

ಮಂಗಳೂರಿನವರು ಡ್ರೋನ್ ಆರಿಸಿದರೆ ನಿಯಮವನ್ನೂ ನೋಡಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ 200 ಅಡಿಯವರೆಗೆ ಮಾತ್ರ ಹಸಿರು ವಲಯ. ಅದರ ಮೇಲೆ ಅನುಮತಿ ಬೇಕು. ನಿಲ್ದಾಣಕ್ಕೆ ಇನ್ನೂ ಹತ್ತಿರವಾದರೆ ಅನುಮತಿ ಇಲ್ಲದೆ ಏಳುವ ಹಾಗೇ ಇಲ್ಲ. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈಯ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಎಂದು ಮೊದಲೇ ನೋಡಿ. ತಮಾಷೆ ಏನೆಂದರೆ 200 ಅಡಿ ಅಂದರೆ ಸುಮಾರು 60 ಮೀಟರ್. ಸಿಗ್ನಲ್ ದೃಷ್ಟಿಯಿಂದ ಈ ನಿರ್ಬಂಧ ಒಳ್ಳೆಯದೇ ಆಯಿತು.

ನೀರಿನ ತಳ ಬೇಕಾದರೆ

905, 1064, 1550 ಯಾವುದೂ ಹೊಳೆಯ ತಳ ಮುಟ್ಟುವುದಿಲ್ಲ. ಅದಕ್ಕೆ ಹಸಿರು ಲೇಸರ್, 532 ನ್ಯಾನೋಮೀಟರ್ ಬೇಕು. ಬೆಳಕು ನೀರಿನಲ್ಲಿ ನಿಧಾನವಾಗುತ್ತದೆ, ಬಾಗುತ್ತದೆ. ಹಾಗಾಗಿ ನೀರಿನ ಮೇಲ್ಮೈಯನ್ನೂ ನಿಖರವಾಗಿ ಅಳೆಯದೆ ತಳದ ಲೆಕ್ಕ ಸರಿ ಬರುವುದಿಲ್ಲ. ಇಷ್ಟಾಗಿಯೂ ಎಲ್ಲವೂ ನೀರಿನ ತಿಳಿಯ ಮೇಲೆ ನಿಂತಿದೆ. ಬಿಳಿ ತಟ್ಟೆಯೊಂದನ್ನು ಹಗ್ಗ ಕಟ್ಟಿ ದೋಣಿಯಿಂದ ಇಳಿಸಿ, ಕಣ್ಣಿಗೆ ಮರೆಯಾಗುವ ಆಳ ನೋಡಿ. ಸಾಮಾನ್ಯ ಹಸಿರು ಲೇಸರ್ ಆ ಆಳದಷ್ಟು, ಇಲ್ಲವೇ ಅದಕ್ಕಿಂತ ಸ್ವಲ್ಪ ಜಾಸ್ತಿ ಹೋದೀತು. ಮಳೆಗಾಲದ ನೇತ್ರಾವತಿಯ ಕೆಂಪು ನೀರಿನಲ್ಲಿ ತಟ್ಟೆ ಎಷ್ಟು ಹೊತ್ತು ಕಂಡೀತು ನೀವೇ ಹೇಳಿ. ಅಳಿವೆ ಬಾಗಿಲು, ಬಂದರು, ಮರಳು ತುಂಬಿದ ಹೊಳೆಗೆ ದೋಣಿ ಮತ್ತು ಎಕೋ ಸೌಂಡರ್ (ಶಬ್ದದಿಂದ ಆಳ ಅಳೆಯುವ ಸಾಧನ) ಇವೇ ಒಳ್ಳೆಯ ಆಯ್ಕೆ. ದೋಣಿ ಹೋಗಲಾರದ, ಬಂಡೆ ತುಂಬಿದ ಆಳವಿಲ್ಲದ ಅಂಚು, ಅದೂ ಚಳಿಗಾಲದ ತಿಳಿ ನೀರು ಇದ್ದರೆ ಮಾತ್ರ ಹಸಿರು ಲೇಸರ್ ಯೋಚಿಸಿ.

ತಿಂಗಳು ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟೇ ಬಿಡಿ. ಆದರೆ ಮಳೆ ನಿಂತ ತಕ್ಷಣ ಹೊರಡುವುದೂ ಜಾಣತನವಲ್ಲ. ಅಕ್ಟೋಬರಿನಲ್ಲಿ ಪದವಿನ ಮೇಲೆ ಮುಳಿಹುಲ್ಲು ಎದ್ದು ನಿಂತಿರುತ್ತದೆ, ಹಂಚಿನ ಮೇಲೆ ಪಾಚಿ ಇನ್ನೂ ಒಣಗಿರುವುದಿಲ್ಲ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಘಟ್ಟದ ಬುಡದ ಊರುಗಳಲ್ಲಿ ಚಳಿಗಾಲದ ಬೆಳಿಗ್ಗೆ ಮಂಜು ಇರುತ್ತದೆ, ಅದು ಕರಗುವವರೆಗೆ ಕಾಯಬೇಕು. ಮಂಜಿನ ಹನಿ ಲೇಸರಿನ ತರಂಗಾಂತರಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ 905, 1550 ಎರಡಕ್ಕೂ ಅದು ಒಂದೇ ಗೋಡೆ. ಬರೀ ಮಬ್ಬು, ಹೊಗೆ ಆದರೆ ಉದ್ದ ತರಂಗಾಂತರಕ್ಕೆ ತುಸು ಅನುಕೂಲ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಸೋಗೆಗಳು ತೂಗುತ್ತವೆ. ಒಂದು ಸಾಲಿನಲ್ಲಿ ಕಂಡ ಎಲೆ ಪಕ್ಕದ ಸಾಲಿನಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ.

ಬಿಸಿಲಿನ ಗಲಾಟೆ ತಪ್ಪಿಸಲು ವಿಮಾನದ ಸರ್ವೆಯನ್ನು ರಾತ್ರಿ ಮಾಡುವುದುಂಟು. ನಮ್ಮ ಅಕ್ಷಾಂಶದಲ್ಲಿ ಅದಕ್ಕೊಂದು ತೊಡಕಿದೆ. ಭೂಕಾಂತದ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಸೂರ್ಯ ಮುಳುಗಿದ ಮೇಲೆ ಕೆಲವು ಗಂಟೆ ಅಯಾನುಗೋಳ, ಅಂದರೆ ಜಿಪಿಎಸ್ ಸಿಗ್ನಲ್ ದಾಟಿ ಬರುವ ವಾತಾವರಣದ ಮೇಲಿನ ಪದರ, ಕದಡುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಇದು ಜಾಸ್ತಿ. ಲೇಸರ್ ಸಿಗ್ನಲ್ ಚೆನ್ನಾಗಿರುತ್ತದೆ, ಆದರೆ ವಿಮಾನ ಎಲ್ಲಿದೆ ಎಂದು ಹೇಳುವ ಜಿಪಿಎಸ್ ಸಿಗ್ನಲ್ ಕೈಕೊಡುತ್ತದೆ. ಇಲ್ಲಿ ಬೆಳಿಗ್ಗೆ ಮಂಜು ಕರಗಿದ ಮೇಲಿನ ಎರಡು ಮೂರು ಗಂಟೆಯೇ ನನಗೆ ಇಷ್ಟ.

ಮಲ್ಪೆ, ಪಣಂಬೂರಿನಂಥ ಕಡಲ ಬದಿಯಲ್ಲಿ ಉಪ್ಪಿನ ಪೊರೆ ಸೆನ್ಸರಿನ ಗಾಜಿನ ಮೇಲೆ ಕೂರುತ್ತದೆ. ಬೆಳಕು ಹೋಗುವಾಗಲೂ ಬರುವಾಗಲೂ ಅದನ್ನು ದಾಟಬೇಕು. ಒಣ ಬಟ್ಟೆಯಲ್ಲಿ ತಿಕ್ಕಿದರೆ ಗಾಜಿನ ಲೇಪ ಗೀರು ಬೀಳುತ್ತದೆ, ಮೊದಲು ಒದ್ದೆ ಮಾಡಿ ಉಪ್ಪು ಕರಗಿಸಬೇಕು. ಎಸಿ ಕಾರಿನಿಂದ ತೆಗೆದ ಸಾಧನವನ್ನು ಕೂಡಲೇ ಹಾರಿಸುವವರೂ ಇದ್ದಾರೆ. ತಣ್ಣನೆಯ ಗಾಜಿನ ಮೇಲೆ ನಮ್ಮ ಸೆಕೆಯ ಗಾಳಿ ತಾಗಿದರೆ ಹಬೆ ಹಿಡಿಯುತ್ತದೆ. ಸ್ವಲ್ಪ ಹೊತ್ತು ನೆರಳಿನಲ್ಲಿಟ್ಟು ಹಾರಿಸಿ ಎಂದರೆ ಬೇಸರ ಮಾಡಿಕೊಳ್ಳುವವರಿಗೆ ಕೆಲಸ ಕೊಡಬೇಡಿ.

ಕೊಟೇಶನ್ ಕೈಯಲ್ಲಿದ್ದಾಗ

ಚದರ ಮೀಟರಿಗೆ ಒಟ್ಟು ಎಷ್ಟು ಪಾಯಿಂಟ್ ಎಂಬುದನ್ನು ಹೋಲಿಸಬೇಡಿ. ನೆಲ ಮುಟ್ಟಿದ್ದು ಎಷ್ಟು ಎಂದು ಕೇಳಿ. ಇದಕ್ಕೆ ಉತ್ತರ ಮಾತಿನಲ್ಲಿ ಬೇಡ, ಫೈಲಿನಲ್ಲಿ ಬೇಕು. ನಿಮ್ಮ ಜಾಗದಲ್ಲೇ ಅತ್ಯಂತ ಕಷ್ಟದ ಮೂಲೆ ತೋರಿಸಿ ಒಂದೇ ಒಂದು ಸಾಲು ಹಾರಿಸಿ ಕೊಡಲು ಹೇಳಿ, ಅದಕ್ಕೆ ಬೇಕಾದರೆ ಬೇರೆ ದುಡ್ಡು ಕೊಡಿ. ಯಾವ ಪಾಯಿಂಟನ್ನೂ ತೆಗೆದುಹಾಕದ ಲಾಸ್ (LAS, ಲಿಡಾರ್ ಪಾಯಿಂಟುಗಳ) ಫೈಲ್ ತೆಗೆದುಕೊಳ್ಳಿ. ನೆಲ ಎಂದು ಗುರುತಿಸಿದ ಪಾಯಿಂಟ್ ಬಿಟ್ಟು ಉಳಿದದ್ದೆಲ್ಲ ಮರೆಮಾಡಿ ನೋಡಿದರೆ ತೂತುಗಳು ಅಲ್ಲೇ ಕಾಣುತ್ತವೆ. ಇಂಟೆನ್ಸಿಟಿಯ, ಅಂದರೆ ರಿಟರ್ನ್ ಎಷ್ಟು ಬಲವಾಗಿತ್ತು ಎಂಬುದರ, ಚಿತ್ರವನ್ನೂ ನೋಡಿ. ಹಾರಾಟದ ಸಾಲಿನ ಅಂಚುಗಳು ಮಂಕಾಗಿದ್ದರೆ ಕೋನ ಜಾಸ್ತಿ ಇಟ್ಟಿದ್ದಾರೆ, ಇಲ್ಲವೇ ಎತ್ತರ ಜಾಸ್ತಿ.

ಕರಾರಿನಲ್ಲಿ ನಿಖರತೆಯನ್ನು ಎರಡು ಸಾಲಿನಲ್ಲಿ ಬರೆಸಿ: ಬಯಲು ನೆಲಕ್ಕೆ ಒಂದು, ಗಿಡಮರದ ಕೆಳಗಿನ ನೆಲಕ್ಕೆ ಇನ್ನೊಂದು. ಎರಡನೆಯದನ್ನು ಪರೀಕ್ಷಿಸಲು ತೋಟದೊಳಗೆ ಟೋಟಲ್ ಸ್ಟೇಷನ್‌ನಲ್ಲಿ ಕೆಲವು ಮಟ್ಟ ತೆಗೆದು ಇಟ್ಟುಕೊಳ್ಳಿ. ಸೋಗೆಯ ಕೆಳಗೆ ಜಿಪಿಎಸ್ ರೋವರ್ (ಕೈಯಲ್ಲಿ ಹಿಡಿದು ನಡೆಯುವ ಸರ್ವೆ ಜಿಪಿಎಸ್) ನಂಬಲು ಆಗುವುದಿಲ್ಲ. ಆ ಮಟ್ಟಗಳನ್ನು ಸರ್ವೆಯವರಿಗೆ ಮುಂಚೆ ಕೊಡಬೇಡಿ. ಅವರ ನಕ್ಷೆ ಬಂದ ಮೇಲೆ ಪಕ್ಕದಲ್ಲಿಟ್ಟು ನೋಡಿ, ಕೊನೆಯ ಕಂತು ಆಮೇಲೆ ಕೊಡಿ.